ಮೂಲದಲ್ಲೇ ಹಾಗಿದೆಯಂತೆ!

"ಬಾಯಿ ಇನ್ನೂ ಸ್ವಲ್ಪ ಅಗಲ ಮಾಡಿ."

ಕುರ್ಚಿಯಲ್ಲಿ ಒರಗಿದ್ದ ಗಂಡಸು ಬಾಯಿ ಅಗಲಿಸಿದ. ಮರೈಕೆ ಸಣ್ಣ ಕನ್ನಡಿಯನ್ನು ಒಳಗೆ ತೂರಿಸಿ ನೋಡಿದಳು. ನೋಡಿದವಳಿಗೆ ನಿಟ್ಟುಸಿರು ಬಂತು.

'ಅಯ್ಯೋ ದೇವರೇ... ಈ ಪುಣ್ಯಾತ್ಮ ಹಲ್ಲಿನ ಸಂದಿಗೆ ದಾರ ಹಾಕಿ ಕೊಳೆ ತೆಗೆದು ಎಷ್ಟು ಕಾಲವಾಯಿತೋ!'

ನಮ್ಮ ನ್ಯೂ ಹೋರ್ನ್ ಊರಿಗೆಲ್ಲ ಇರುವುದು ಒಬ್ಬನೇ ಹಲ್ಲಿನ ಡಾಕ್ಟರು. ಅವನ ಬಳಿ ಹಲ್ಲು ಶುಚಿ ಮಾಡುವ ಕೆಲಸ ಮರೈಕೆ ವಿಸ್ಸರಳದು. ಹಾಗಾಗಿ ಊರಿನ ಬಾಯಿಗಳೆಲ್ಲ ಅವಳಿಗೆ ಪರಿಚಯ. ಈ ಬಾಯಿ ಮಾತ್ರ ಹೊಸದು. ವೀಬೆ ಹೂಕ್‌ಸ್ಟ್ರಾ ಎಂದು ಹೆಸರು, ಕೆನಡಾದವನು, ಪಕ್ಕದೂರಿನ ಕಾಲೇಜಿಗೆ ಹೊಸದಾಗಿ ಬಂದ ಮೇಷ್ಟ್ರು. ಅಯೋವಾದ ಜನವರಿ ಚಳಿಗೆ ಅವನ ಮೂಗು ಕೆಂಪಾಗಿತ್ತು. ಗಿಡ್ಡ ದಪ್ಪ ಪುಸ್ತಕವೊಂದನ್ನು ಎದೆಗೆ ಅವಚಿಕೊಂಡೇ ಮಲಗಿದ್ದ.

ಪುಸ್ತಕದ ಬೆನ್ನಿನ ಮೇಲಿನ ಅಕ್ಷರ ಕಂಡದ್ದೇ ತಡ, ಮರೈಕೆಯ ಕೈ ನಿಂತಿತು.

"ಇದು ಗ್ರೀಕ್ ಅಲ್ವಾ?"

"ಆಂ."

"ಹೊಸ ಒಡಂಬಡಿಕೆನಾ?"

"ಆಂ."

"ನೀವು ಕಾಲೇಜಲ್ಲಿ ಇದನ್ನೇ ಕಲಿಸೋದಾ?"

"ಆಂ." ಪಾಪ, ಬಾಯಿಯೊಳಗೆ ಎರಡು ಕೊಳವೆ ಇಟ್ಟುಕೊಂಡು ಇನ್ನೇನು ಹೇಳಿಯಾನು!

"ನನಗೂ ಕಲಿಸ್ತೀರಾ? ಗ್ರೀಕೂ, ಹೀಬ್ರೂನೂ? ಬೈಬಲನ್ನ ಮೂಲದಲ್ಲೇ ನಾನೇ ಸ್ವಂತ ಓದಬೇಕು. ಫೋನಲ್ಲಿ ಆ್ಯಪ್ ಹಾಕ್ಕೊಂಡು ಒದ್ದಾಡ್ತಾ ಇದೀನಿ, ಒಂದಿಂಚೂ ಮುಂದೆ ಹೋಗ್ತಿಲ್ಲ..."

ಅವನು ಕೈ ಎತ್ತಿದ. ಅವಳು ಆಸೆಯಿಂದ ಕೊಳವೆ ಹೊರತೆಗೆದಳು.

"ಬೇಡ," ಅಂದ ವೀಬೆ.

"ಏನು ಬೇಡ?"

"ಕಲೀಬೇಡಿ. ಇಂಗ್ಲಿಷಲ್ಲಿ ಒಳ್ಳೊಳ್ಳೇ ಬೈಬಲ್‌ಗಳು ರಾಶಿ ಬಿದ್ದಿವೆ. ಪಂಡಿತರು ಜೀವ ತೇದು ಮಾಡಿಟ್ಟಿದ್ದಾರೆ. ಓದ್ಕೊಂಡು ಸುಖವಾಗಿರಿ."

"ಯಾಕೆ, ನನ್ನ ತಲೆಗೆ ಹತ್ತಲ್ವಾ?"

"ಹತ್ತುತ್ತೆ, ಅದೇ ಕಷ್ಟ. ಎಲ್ರೂ ಸ್ವಂತಕ್ಕೆ ಅಂತಾನೇ ಬರ್ತಾರೆ. ನಾಲ್ಕು ಅಕ್ಷರ ಕಲಿತ ಕೂಡಲೇ ಪಕ್ಕದ ಮನೆಯವರ ಜೊತೆ ಜಗಳಕ್ಕೆ ಹೋಗ್ತಾರೆ. ಜಗಳ ಮಾಡೋಕೆ ಇಂಗ್ಲಿಷೇ ಸಾಕು."

ಮರೈಕೆಯ ಕಿವಿ ಬಿಸಿಯಾಯಿತು. ಎಷ್ಟು ಸೊಕ್ಕು ಈ ಮನುಷ್ಯನಿಗೆ!

"ಬಾಯಿ ತೆಗೀರಿ," ಅಂದಳು.

ಆ ಮೇಲೆ ಅವನ ವಸಡನ್ನು ಅವಳು ಶುಚಿ ಮಾಡಿದ ಪರಿ ಇದೆಯಲ್ಲ, ಅದನ್ನು ನಾನು ವಿವರಿಸುವುದಿಲ್ಲ. ಹೊರಡುವಾಗ ಮೇಷ್ಟ್ರ ಕಣ್ಣಲ್ಲಿ ನೀರಿತ್ತು.

*

ಅವಳ ಸಿಟ್ಟಿಗೆ ಕಾರಣವಿತ್ತು.

ವರ್ಷಕ್ಕೊಮ್ಮೆ ಚರ್ಚಿನ ಹಿರಿಯರು ಇಬ್ಬಿಬ್ಬರಾಗಿ ಮನೆಮನೆಗೆ ಬಂದು, ಕಾಫಿ ಕುಡಿದು, ನಮ್ಮ ಆತ್ಮ ಹೇಗಿದೆ ಎಂದು ವಿಚಾರಿಸಿಕೊಂಡು ಹೋಗುವುದು ನಮ್ಮಲ್ಲಿ ತಾತಂದಿರ ಕಾಲದ ಪದ್ಧತಿ. ಎಂಟು ವರ್ಷದ ಹಿಂದೆ ಮರೈಕೆಯ ಗಂಡ ಕರ್ಟಿಸ್, ಬೀಜದ ಕಂಪನಿಯ ಹೆಂಗಸೊಬ್ಬಳ ಹಿಂದೆ ಸೂ ಫಾಲ್ಸ್ ಪಟ್ಟಣಕ್ಕೆ ಹೊರಟುಹೋದ. ವಿಚ್ಛೇದನವೂ ಅವನೇ ಪಡೆದ. ಆ ವರ್ಷದ ಮನೆಭೇಟಿಗೆ ಬಂದ ಹಿರಿಯ ಬೇರೆ ಯಾರೂ ಅಲ್ಲ, ಅವಳ ಸೋದರಮಾವ ಹಾರ್ಲನ್ ಡೆ ಬೂರ್.

"ಆದದ್ದು ಆಗಿಹೋಯ್ತಮ್ಮ," ಎಂದಿದ್ದರು ಹಾರ್ಲನ್ ಮಾಮ, ಕಾಫಿಗೆ ಸಕ್ಕರೆ ಕಲಕುತ್ತಾ. "ಇನ್ನು ಮೇಲೆ ಒಂಟಿಯಾಗಿರೋದೇ. ಗಂಡ ಬಿಟ್ಟವಳು ಇನ್ನೊಬ್ಬನ್ನ ಕಟ್ಕೊಂಡ್ರೆ ಅದು ವ್ಯಭಿಚಾರ. ನಾನು ಹೇಳ್ತಿರೋದಲ್ಲ, ಸುವಾರ್ತೆ ಹೇಳೋದು. ಮೂಲದಲ್ಲೇ ಹಾಗಿದೆ."

ಪಾಸ್ಟರನ್ನು ಕೇಳಿದರೆ, "ಹಾಗೇನಿಲ್ಲ ಮರೈಕೆ, ಮೂಲದಲ್ಲಿ ನೋಡಿದ್ರೆ ಅಷ್ಟು ಕಠಿಣ ಅಲ್ಲ," ಎಂದರು. ಬುಧವಾರದ ಬೈಬಲ್ ಅಧ್ಯಯನದಲ್ಲಿ ಒಬ್ಬಳು, "ಮೂಲದಲ್ಲಿ ಇನ್ನೂ ಕಠಿಣವಾಗಿದೆಯಂತೆ!" ಎಂದಳು.

ಎಲ್ಲರ ಬಾಯಲ್ಲೂ ಮೂಲ! ನೋಡಿದವರು ಒಬ್ಬರೂ ಇಲ್ಲ!

ಮರೈಕೆ ಸುಲಭವಾಗಿ ತಲೆಕೊಡವಿ ನಡೆಯುವ ಹೆಣ್ಣಲ್ಲ. ಅವಳಿಗೆ ಆ ಪುಸ್ತಕ ಪ್ರಾಣ. ಮತ್ತೊಬ್ಬರನ್ನು ಪ್ರೀತಿಸುವ ಹಕ್ಕು ತನಗೆ ಉಳಿದಿದೆಯೇ ಇಲ್ಲವೇ... ಅದೊಂದು ತಿಳಿಯದೆ ಎಂಟು ವರ್ಷ ಯಾವ ಗಂಡಸಿನ ಕಡೆಗೂ ಸರಿಯಾಗಿ ಮುಖವೆತ್ತಿ ನಕ್ಕಿರಲಿಲ್ಲ.

ಆ ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿ ಹಿಡಿದು ನಿಂತಿದ್ದರು. ವೀಬೆ ಅವಳ ಹತ್ತಿರ ಬಂದ. ಒಂದು ಕೆನ್ನೆ ಇನ್ನೂ ಸ್ವಲ್ಪ ಊದಿತ್ತು.

"ನಿಮ್ಮ ಕೋಪ ಇನ್ನೂ ನೋಯ್ತಾ ಇದೆ," ಅಂದ.

"ದಾರ ಹಾಕಿದ್ರೆ ನೋಯ್ತಿರ್ಲಿಲ್ಲ."

"ಸರಿ, ನನ್ನ ತಪ್ಪು. ಕೇಳದೇ ಉತ್ತರ ಕೊಟ್ಟೆ. ಈಗ ಕೇಳ್ತೀನಿ. ಯಾಕೆ ಕಲೀಬೇಕು? ನಿಜ ಹೇಳಿ."

ಮರೈಕೆ ಲೋಟ ಮೇಜಿನ ಮೇಲಿಟ್ಟಳು. ಯಾರಿಗೂ ಹೇಳಿಕೊಳ್ಳದ್ದನ್ನು ಈ ಅಪರಿಚಿತನಿಗೆ ಹೇಗೆ ಹೇಳಿದಳೋ!

"ಯಾರೂ ನೋಡದೇ ಇರೋ ಒಂದು ಪುಟಕ್ಕೆ ನನ್ನ ಬದುಕನ್ನ ಕಟ್ಟಿಹಾಕಿದ್ದಾರೆ ಮೇಷ್ಟ್ರೇ. ಗಂಡ ಬಿಟ್ಟ ಹೆಂಗಸಿನ ಪುಟ. ಅದನ್ನ ನಾನೇ ನೋಡಬೇಕು. ಅದು ಬೇಡ ಅಂದ್ರೆ ಬೇಡ, ಒಪ್ಕೋತೀನಿ. ಆದ್ರೆ ನನ್ನ ಕಣ್ಣಲ್ಲೇ ನೋಡ್ಬೇಕು..."

ವೀಬೆ ತನ್ನ ಲೋಟವನ್ನೂ ಅವಳದರ ಪಕ್ಕದಲ್ಲಿಟ್ಟ.

"ಶನಿವಾರ ಬೆಳಿಗ್ಗೆ ಲೈಬ್ರರಿಗೆ ಬನ್ನಿ," ಅಂದ. "ಗ್ರೀಕ್ ಮಾತ್ರ. ಹೀಬ್ರೂ ಸುದ್ದಿ ಎತ್ಬೇಡಿ, ನಿಮ್ಮ ಪುಟ ಇರೋದು ಗ್ರೀಕಲ್ಲಿ."

*

ಗ್ರೀಕ್ ಕಲಿಯುವುದೆಂದರೆ ಏನೆಂದು ಮರೈಕೆಗೆ ಆ ಚಳಿಗಾಲ ಗೊತ್ತಾಯಿತು. ತಲೆ ಚಚ್ಚಿಕೊಳ್ಳುವುದು!

ಸೋಮವಾರ ಕಲಿತ ಪದ ಬುಧವಾರಕ್ಕೆ ಮಾಯ. ಒಂದೇ ಪದ ಹತ್ತು ವೇಷ ಹಾಕಿಕೊಂಡು ಬಂದು ನಿಂತು, ನಾನು ಯಾರು ಹೇಳು ಎನ್ನುತ್ತಿತ್ತು. ಬಾಯಿ ತೆರೆದು ಮಲಗಿದ ರೋಗಿಗಳ ಮೇಲೆ ಅವಳು ಪದಗಳನ್ನು ಒಪ್ಪಿಸಿ ಅಭ್ಯಾಸ ಮಾಡುತ್ತಿದ್ದಳು. ಅವರು ಆಂ ಎನ್ನುತ್ತಿದ್ದರು.

ಒಂದು ಶನಿವಾರ ಪುಸ್ತಕವನ್ನು ಲೈಬ್ರರಿಯ ಮೇಜಿನ ಆಚೆ ತುದಿಗೆ ತಳ್ಳಿದಳು. "ಸಾಕಾಯ್ತು! ನನಗೆ ವಯಸ್ಸಾಯ್ತು, ತಲೆಯಲ್ಲಿ ಜಾಗ ಇಲ್ಲ."

"ನಾನು ಹೀಬ್ರೂ ಕಲೀವಾಗ ಪುಸ್ತಕಾನ ಹಿಮದ ಗುಡ್ಡೆಗೆ ಎಸೆದಿದ್ದೆ," ಅಂದ ವೀಬೆ, ಪುಸ್ತಕವನ್ನು ಮೆಲ್ಲಗೆ ವಾಪಸು ತಳ್ಳುತ್ತಾ.

"ಆಮೇಲೆ?"

"ಆಮೇಲೇನು, ಕೈಗವಸು ಹಾಕ್ಕೊಂಡು ಹೋಗಿ ಅಗೆದು ತಂದೆ. ಅಮ್ಮನ ದುಡ್ಡಲ್ಲಿ ತಂದ ಪುಸ್ತಕ, ಬಿಡೋಕಾಗುತ್ತಾ?"

ಅವಳು ನಕ್ಕಳು. ಮುಖವೆತ್ತಿ, ಹಲ್ಲು ಕಾಣುವಂತೆ ನಕ್ಕಳು. ನಕ್ಕ ಮೇಲೆ ತನಗೇ ಗಾಬರಿಯಾಯಿತು.

"ಒಂದು ಒಪ್ಪಂದ," ಅಂದಳು ಮಾತು ಮರೆಸಲು. "ನಾನು ದಿನಾ ಪದ ಕಲೀತೀನಿ. ನೀವು ದಿನಾ ಹಲ್ಲಿಗೆ ದಾರ ಹಾಕಿ. ನಾನು ಬಿಟ್ರೆ ನೀವೂ ಬಿಡಬಹುದು."

"ಅನ್ಯಾಯ! ನನ್ನ ಕೆಲಸಾನೇ ಕಷ್ಟದ್ದು."

"ಹಾಗಾದ್ರೆ ಇನ್ನೊಂದು ಸಲ ನನ್ನ ಕುರ್ಚಿಗೆ ಬರ್ತೀರಾ?"

"ದಾರ ಹಾಕ್ತೀನಿ," ಅಂದ ವೀಬೆ ತಕ್ಷಣ.

ಮನೆಯಲ್ಲಿ ತಾಯಿ ಆರ್ಡಿತ್‌ಗೆ ಇದೆಲ್ಲ ತಲೆಬುಡ ತಿಳಿಯದು. ಭಾನುವಾರದ ಸೂಪಿಗೆ ಕ್ಯಾರೆಟ್ ಹೆಚ್ಚುತ್ತಾ ಗೊಣಗುತ್ತಿದ್ದಳು.

"ಯೇಸು ಇಂಗ್ಲಿಷ್ ಮಾತಾಡ್ತಿದ್ದ ಅಂತ ನಾನೇನೂ ಹೇಳ್ತಿಲ್ಲ. ಆದ್ರೆ ಅವನಿಗೆ ಇಂಗ್ಲಿಷ್ ಅರ್ಥ ಆಗಲ್ಲ ಅಂತಾನೂ ಯಾರೂ ಹೇಳಿಲ್ಲ! ನಿಮ್ಮಪ್ಪ ಸಾಯೋವರೆಗೂ ಒಂದೇ ಬೈಬಲ್ ಓದಿದ್ರು. ಸ್ವರ್ಗದ ಬಾಗಿಲಲ್ಲಿ ಯಾರಾದ್ರೂ ತಡೆದ್ರಾ?"

"ನಂಗೇನು ಗೊತ್ತಮ್ಮ, ನಾನು ಅಲ್ಲಿರಲಿಲ್ಲ."

"ನಿನ್ನ ಬಾಯಿಗೆ ಯಾವ ಡಾಕ್ಟ್ರು ಬರಬೇಕೋ!" ಎಂದ ತಾಯಿ, ಸ್ವಲ್ಪ ತಡೆದು ಕೇಳಿದಳು. "ಆ ಮೇಷ್ಟ್ರಿಗೆ ಊಟದ ಗತಿ ಏನು? ಅವನೇ ಬೇಯಿಸ್ಕೋತಾನಾ?"

"ನನಗ್ಯಾಕಮ್ಮ ಅದೆಲ್ಲ?"

"ಸುಮ್ನೆ ಕೇಳ್ದೆ," ಅಂದಳು ಆರ್ಡಿತ್. ಮಗಳ ಕೆನ್ನೆ ಕೆಂಪಾದದ್ದನ್ನು ನೋಡದವಳಂತೆ ಕ್ಯಾರೆಟ್ ಕಡೆಗೆ ತಿರುಗಿದಳು.

ಹೌದು, ಅದು ಆಗಿಹೋಗಿತ್ತು. ಶನಿವಾರ ಬೆಳಿಗ್ಗೆ ಏಳುವಾಗ ಮರೈಕೆಗೆ ಮೊದಲು ನೆನಪಾಗುತ್ತಿದ್ದುದು ಗ್ರೀಕಲ್ಲ. ಅವಳು ತಪ್ಪು ಓದಿದಾಗ ತಿದ್ದದೆ, ಅವಳೇ ಕಂಡುಕೊಳ್ಳಲಿ ಎಂದು ಕಾಯುತ್ತಾ ಕುಳಿತ ಅವನ ಮುಖ.

'ಇಲ್ಲ... ಇಲ್ಲ. ಆ ಪುಟ ಓದೋವರೆಗೂ ಏನೂ ಇಲ್ಲ. ಅದು ಬೇಡ ಅಂದ್ರೆ? ಆಮೇಲೆ ಈ ಮುಖಾನ ಹೇಗೆ ಮರೀಲಿ?'

*

ಏಪ್ರಿಲ್ ಬಂತು. ಹೊಲಗಳಿಗೆ ಟ್ರಾಕ್ಟರುಗಳು ಇಳಿದವು. ಮುಂದಿನ ಶನಿವಾರ ಆ ಪುಟ ಎಂದು ಇಬ್ಬರಿಗೂ ಗೊತ್ತಿತ್ತು.

ಆ ಶನಿವಾರ ವೀಬೆ ಕುರ್ಚಿಯಲ್ಲಿ ಕೂರಲಿಲ್ಲ. ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ನಿಂತ.

"ಇನ್ನು ಮುಂದೆ ನನ್ನಿಂದ ಆಗಲ್ಲ ಮರೈಕೆ. ನಮ್ಮ ಕಾಲೇಜಿನಲ್ಲಿದ್ದ ಬೌಮಾ ಮೇಷ್ಟ್ರು ನಿವೃತ್ತರಾಗಿದ್ದಾರೆ. ಅವರಿಗೆ ಹೇಳಿದೀನಿ, ನಿಮಗೆ ಮುಂದಿನದು ಅವರು ಹೇಳ್ಕೊಡ್ತಾರೆ."

"ತಮಾಷೆ ಮಾಡ್ತಿದೀರಾ?"

"ಇಲ್ಲ."

"ಇವತ್ತೇ? ಈ ಪುಟಕ್ಕೆ ಬಂದಾಗಲೇ?"

"ಈ ಪುಟಕ್ಕೆ ಬಂದಿದ್ದಕ್ಕೇ."

"ಕಾರಣ ಹೇಳಿ."

ಅವನು ಕೈಯಲ್ಲಿನ ಟೋಪಿಯತ್ತ ನೋಡಿದ. "ಹೇಳೋ ಹಾಗಿಲ್ಲ," ಅಂದ.

ಮರೈಕೆಗೆ ಎಲ್ಲ ಅರ್ಥವಾದಂತಾಯಿತು. ಹಿಂದಿನ ದಿನ ಪೆಟ್ರೋಲ್ ಬಂಕಿನ ಹತ್ತಿರ ಹಾರ್ಲನ್ ಮಾಮ ಇವನ ಕಾರಿನ ಕಿಟಕಿಗೆ ಬಗ್ಗಿ ಮಾತಾಡುತ್ತಿದ್ದುದನ್ನು ಅವಳೇ ನೋಡಿದ್ದಳು. ಓಹೋ... ಇವನೂ ಅವರ ಕಡೆಯೇ! ಗಂಡ ಬಿಟ್ಟವಳಿಗೆ ಪಾಠ ಹೇಳಿ ಹೆಸರು ಕೆಡಿಸಿಕೊಳ್ಳುವುದು ಬೇಡ ಎನಿಸಿರಬೇಕು!

"ಬೌಮಾ ಮೇಷ್ಟ್ರೂ ಬೇಡ, ಯಾರೂ ಬೇಡ," ಅಂದಳು. "ಮೊದಲ ದಿನಾನೇ ಕಲೀಬೇಡ ಅಂದಿದ್ರಿ. ಆಗಲೇ ಕೇಳಬೇಕಿತ್ತು ನಾನು!"

"ಮರೈಕೆ, ದಯವಿಟ್ಟು ಆ ಪುಟ ಓದೋದನ್ನ ಬಿಡಬೇಡಿ..."

"ನಾನು ಬಿಡ್ತೀನೋ ಬಿಡಲ್ವೋ ಅನ್ನೋದು ನಿಮಗ್ಯಾಕೆ?"

ಪುಸ್ತಕಗಳನ್ನು ಚೀಲಕ್ಕೆ ತುರುಕಿಕೊಂಡು ಹೊರಬಂದಳು. ಕಾರಿನಲ್ಲಿ ಕುಳಿತು ಅತ್ತಳು. ಅತ್ತದ್ದಕ್ಕೂ ಸಿಟ್ಟು ಬಂತು.

ಮರುದಿನ ನಡೆದದ್ದು ಇನ್ನೂ ಕೆಟ್ಟದ್ದು. ನಮ್ಮ ಚರ್ಚಿನಲ್ಲಿ ಪ್ರತಿ ಮನೆಗೂ ಅದರದೇ ಬೆಂಚು. ಮದುವೆಯಾಗದ ಗಂಡು ಹೆಣ್ಣು ಒಂದು ಬೆಂಚಿನಲ್ಲಿ ಅಕ್ಕಪಕ್ಕ ಕೂತರೋ, ಮುಗಿಯಿತು! ಮದುವೆ ಕೇಕಿಗೆ ಹೇಳುವುದೊಂದೇ ಬಾಕಿ ಎಂದು ಊರೇ ತೀರ್ಮಾನಿಸುತ್ತದೆ. ಆ ಭಾನುವಾರ ವೀಬೆ ತಡವಾಗಿ ಬಂದ. ಜಾಗ ತೋರಿಸುವ ಮುದುಕನಿಗೆ ಅದೇನು ಹೊಳೆಯಿತೋ, ಅವನನ್ನು ನೇರವಾಗಿ ವಿಸ್ಸರ್ ಬೆಂಚಿಗೇ ಕರೆತಂದ. ಮರೈಕೆಯ ಪಕ್ಕದಲ್ಲಿ ಜಾಗ ಖಾಲಿಯಿತ್ತು.

ಎಲ್ಲರೂ ನೋಡುತ್ತಿದ್ದರು. ವೀಬೆ ಆ ಖಾಲಿ ಜಾಗ ನೋಡಿದ. ಅವಳ ಮುಖ ನೋಡಿದ. ಬಿಳಿಚಿಕೊಂಡ. ಹಿಂದಿರುಗಿ ಮೆಟ್ಟಿಲು ಹತ್ತಿ ಮೇಲಿನ ಬಾಲ್ಕನಿಗೆ ಹೋಗಿ ಕುಳಿತ.

ಪಾಸ್ಟರ ಪ್ರಸಂಗ ಶುರುವಾಗುವಾಗ ನಮ್ಮಲ್ಲಿ ಬೆಂಚಿನಿಂದ ಬೆಂಚಿಗೆ ಪೆಪ್ಪರ್‌ಮಿಂಟ್ ದಾಟುತ್ತದೆ. ಮರೈಕೆ ಅದನ್ನು ಎಂದೂ ಮುಟ್ಟಿದವಳಲ್ಲ. ಇಡೀ ಸಭೆಯ ಹಲ್ಲು ಹುಳುಕಾಗುವುದು ಇದರಿಂದಲೇ ಎಂದು ಅವಳ ವಾದ. ಅವತ್ತು ಆರ್ಡಿತ್ ಮಗಳ ಅಂಗೈಯಲ್ಲಿ ಒಂದನ್ನು ಬಲವಂತವಾಗಿ ಇಟ್ಟಳು.

"ಬಾಯಲ್ಲಿಟ್ಕೋ," ಅಂದಳು ಪಿಸುಮಾತಲ್ಲಿ. "ಅಳು ತಡೆಯುತ್ತೆ. ನಿಮ್ಮಪ್ಪನ ಮಣ್ಣಿನ ದಿನ ನಾನು ಹಾಗೇ ಮಾಡಿದ್ದು."

*

ಇನ್ನು ಬೇರೆಯವರಾದರೆ ಪುಸ್ತಕ ಮೂಲೆಗೆಸೆಯುತ್ತಿದ್ದರು. ನಮ್ಮ ಮರೈಕೆಗೆ ಹಠ ಹುಟ್ಟಿನಿಂದಲೇ ಬಂದದ್ದು.

ಆ ಬೇಸಿಗೆಯೆಲ್ಲ ಅವಳು ಒಬ್ಬಳೇ ಅಡುಗೆಮನೆಯ ಮೇಜಿನ ಮುಂದೆ ಕುಳಿತಳು. ನಿಘಂಟು ಈ ಕಡೆ, ವ್ಯಾಕರಣ ಆ ಕಡೆ. ಒಂದು ಸಾಲಿಗೆ ಒಂದು ಸಂಜೆ. ಕೆಲವು ಸಂಜೆ ಒಂದು ಸಾಲೂ ಇಲ್ಲ, ಬರೀ ತಲೆನೋವು. ಇಸ್ತ್ರಿ ಮಾಡುತ್ತಾ ಆರ್ಡಿತ್ ಪದದ ಚೀಟಿಗಳನ್ನು ಎತ್ತಿ ಹಿಡಿಯುತ್ತಿದ್ದಳು, ತಲೆಕೆಳಗಾಗಿ.

"ಇದೇನು ಹೇಳು?"

"ಮೊದಲು ತಿರುಗಿಸಿ ಹಿಡಿ ಅಮ್ಮ!"

"ಹಿಂಗಾದ್ರೇನು ಹಂಗಾದ್ರೇನು, ನನಗೆ ಎರಡೂ ಒಂದೇ."

ಆಗಸ್ಟಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ಆ ಪುಟದ ಕೊನೆಯ ಸಾಲು ಮುಗಿಯಿತು. ಮರೈಕೆ ಪೆನ್ಸಿಲ್ ಕೆಳಗಿಟ್ಟಳು. ಆಮೇಲೆ ಮೇಜನ್ನು ಗುದ್ದಿದಳು.

"ಅದೇ ಇದೆ ಅಮ್ಮ!"

"ಏನೇ?"

"ಇಂಗ್ಲಿಷಲ್ಲಿ ಏನಿದೆಯೋ ಅದೇ ಇದೆ! ಗುಟ್ಟೂ ಇಲ್ಲ, ಮಣ್ಣೂ ಇಲ್ಲ! ಹಾರ್ಲನ್ ಮಾಮ ಹೇಳೋ ಆ ಕಠಿಣ ಸಾಲೂ ಅಲ್ಲೇ ಕೂತಿದೆ, ಎಲ್ಲೂ ಹೋಗಿಲ್ಲ. ಇಷ್ಟು ತಿಂಗಳು ತಲೆ ಒಡ್ಕೊಂಡೆನಲ್ಲ..."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆರ್ಡಿತ್ ಇಸ್ತ್ರಿ ನಿಲ್ಲಿಸಿ ಹತ್ತಿರ ಬಂದು ಕುಳಿತಳು.

"ನನಗೆ ಓದಿ ಹೇಳು," ಅಂದಳು. "ಆ ಸಾಲೊಂದೇ ಅಲ್ಲ, ಮೊದಲಿಂದ. ನಿಧಾನಕ್ಕೆ. ನೀನು ಓದಿದ ಹಾಗೇ."

ಮರೈಕೆ ಮೂಗು ಒರೆಸಿಕೊಂಡು ಮೊದಲಿಂದ ಓದಿದಳು. ಒಂದೊಂದೇ ಪದ. ಯಾರು ಬಂದರು, ಯಾರನ್ನು ಕೇಳಿದರು, ಏನು ಕೇಳಿದರು...

ಅರ್ಧದಲ್ಲಿ ನಿಲ್ಲಿಸಿದಳು.

ಇಂಗ್ಲಿಷಿನಲ್ಲಿ ಈ ಭಾಗ ಅವಳಿಗೆ ಬಾಯಿಪಾಠ. ಬಾಯಿಪಾಠವಾದ್ದರಿಂದಲೇ ಇಷ್ಟು ವರ್ಷ ಓಡಿಹೋಗಿ ಆ ಕಠಿಣ ಸಾಲಿನ ಮೇಲೆ ಬೀಳುತ್ತಿದ್ದಳು. ಗ್ರೀಕಿನಲ್ಲಿ ಓಡಲಾಗುವುದಿಲ್ಲ. ಕುಂಟಿಕೊಂಡೇ ನಡೆಯಬೇಕು. ಕುಂಟುವವಳಿಗೆ ದಾರಿಯಲ್ಲಿ ನಿಂತವರೆಲ್ಲ ಕಂಡರು.

"ಕೇಳೋಕೆ ಬಂದವರು ಗಂಡಸರು ಅಮ್ಮ," ಎಂದಳು ಮೆಲ್ಲಗೆ. "ಹೆಂಡ್ತೀನ ಬಿಟ್ಟುಬಿಡಬಹುದಾ ಅಂತ ಕೇಳೋಕೆ ಬಂದವರು. ಯೇಸು ಗದರಿದ್ದು ಅವರನ್ನ. ನಿಮ್ಮ ಮನಸ್ಸು ಕಲ್ಲು ಅಂತ ಹೇಳಿದ್ದೂ ಅವರಿಗೇ... ಆ ಮಾತು ಕರ್ಟಿಸ್‌ಗೆ ಹೇಳಿದ್ದು. ಬಿಟ್ಟುಹೋದವನಿಗೆ ಬೈದ ಬೈಗುಳಾನ ಎಂಟು ವರ್ಷ ನಾನು ಹೊತ್ಕೊಂಡು ತಿರುಗಿದೆ!"

"ಇದು ಇಂಗ್ಲಿಷಲ್ಲೂ ಇದೆಯಲ್ಲೇ," ಅಂದಳು ತಾಯಿ. "ಪಾಸ್ಟರೂ ಹೇಳಿದ್ರಲ್ಲ."

"ಹೇಳಿದ್ರು. ನನಗೆ ಕೇಳಿಸಿರಲಿಲ್ಲ."

ಆರ್ಡಿತ್ ಮಗಳ ತಲೆಯನ್ನು ಎದೆಗೆ ಒರಗಿಸಿಕೊಂಡಳು. ಅವತ್ತು ಇಬ್ಬರೂ ಪೆಪ್ಪರ್‌ಮಿಂಟ್ ಇಲ್ಲದೆ ಅತ್ತರು.

*

ಸೆಪ್ಟೆಂಬರಿನಲ್ಲಿ ಮನೆಭೇಟಿ. ಹಾರ್ಲನ್ ಮಾಮ ಬಂದರು. ಜೊತೆಗೆ ಮೆರ್ಲಿನ್ ಎಂಬ ಇನ್ನೊಬ್ಬ ಹಿರಿಯರು. ಅವರು ಯಾರ ಮನೆಯಲ್ಲೂ ಮಾತಾಡಿದ್ದನ್ನು ನಾವು ಕೇಳಿಲ್ಲ, ಬರೀ ತಿನ್ನುವುದನ್ನು ನೋಡಿದ್ದೇವೆ.

"ನಿನ್ನ ಆತ್ಮ ಹೇಗಿದೆಯಮ್ಮ?" ಎಂದು ಕೇಳಿದರು ಹಾರ್ಲನ್ ಮಾಮ.

ಮರೈಕೆ ಗ್ರೀಕ್ ಪುಸ್ತಕವನ್ನು ಅವರ ಮುಂದೆ ತೆರೆದಿಟ್ಟಳು. "ಮಾಮ, ಇಗೋ ಮೂಲ. ನೀವು ಹೇಳಿದ ಪುಟ. ಸ್ವಲ್ಪ ಓದಿ ಹೇಳಿ."

ಹಾರ್ಲನ್ ಮಾಮ ಪುಟ ನೋಡಿದರು. ಜೇಬು ತಡವಿಕೊಂಡರು. "ಕನ್ನಡಕ ತಂದಿಲ್ಲಮ್ಮ."

"ಹಣೆ ಮೇಲಿದೆ," ಅಂದಳು ಆರ್ಡಿತ್ ಒಲೆಯ ಹತ್ತಿರದಿಂದ.

"ನಾನು ನಿನ್ನ ಒಳ್ಳೇದಕ್ಕೇ..."

"ಗೊತ್ತು ಮಾಮ. ಆದ್ರೆ ನಿಮ್ಮ ಒಳ್ಳೇದು ನನ್ನ ಎಂಟು ವರ್ಷ ತಿಂತು. ನೋಡದೇ ಇರೋದನ್ನ ನೋಡಿದೀನಿ ಅಂದ್ರಿ. ನಾನು ನೋಡಿದೀನಿ. ಕಠಿಣವಾಗೇ ಇದೆ. ಆದ್ರೆ ಅದು ನನ್ನನ್ನ ಬಿಟ್ಟವನಿಗೆ ಕಠಿಣ. ಇನ್ನು ನನ್ನ ಬದುಕಿನ ಲೆಕ್ಕ ನಾನು ನೇರವಾಗಿ ದೇವರಿಗೇ ಒಪ್ಪಿಸ್ತೀನಿ." ಅವಳು ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು. "ಆ ಮೇಷ್ಟ್ರನ್ನೂ ಹೆದರಿಸಿ ಓಡಿಸಿದ್ರಲ್ಲ, ಅದೊಂದು ನನಗೆ ನುಂಗೋಕಾಗ್ತಿಲ್ಲ..."

"ಹೆದರಿಸಿದ್ನಾ? ನಾನಾ?"

ಆಗ ಮೆರ್ಲಿನ್ ಬಾದಾಮಿ ರೊಟ್ಟಿಯ ತುಂಡನ್ನು ತಟ್ಟೆಯಲ್ಲಿಟ್ಟರು. "ಹೇಳಿಬಿಡೋ ಹಾರ್ಲನ್," ಅಂದರು. "ನಾನೂ ಅಲ್ಲೇ ಇದ್ನಲ್ಲ."

ಹಾರ್ಲನ್ ಮಾಮನ ಕತ್ತು ಕೆಂಪಾಯಿತು.

"ಹೇಳಿದೆ... ಹೌದು. ಇವಳ ಮೇಲೆ ಮನಸ್ಸಿಟ್ಕೊಂಡು ಇವಳಿಗೆ ಬೇಕಾದ ಅರ್ಥ ಹೇಳ್ಕೊಡ್ತೀಯ ಅಂತ ಊರು ಆಡ್ಕೊಳುತ್ತೆ ಕಣಯ್ಯಾ, ಅಂದೆ. ಅದಕ್ಕೆ ಅವನು..."

"ಅವನು?"

"ಊರು ಏನಾದ್ರೂ ಅನ್ಲಿ ಅಂದ. 'ಆದ್ರೆ ಮುಂದೆ ಒಂದು ದಿನ ಅವಳೇ ಹಾಗಂದ್ಕೊಂಡ್ರೆ? ನನ್ನ ಆಸೇನೇ ದೇವರ ಮಾತು ಅಂತ ಹೇಳ್ಕೊಟ್ಟೆ ಅಂತ ಅನುಮಾನ ಬಂದ್ರೆ? ಆ ಪುಟ ಅವಳು ನಾನಿಲ್ಲದೇ ಓದಬೇಕು' ಅಂದ. ಕಣ್ಣು ಒರೆಸ್ಕೊಂಡ. ಗಂಡಸು ಹಾಗೆ ಮಾಡೋದು ನನಗೆ ಸರಿಬರ್ಲಿಲ್ಲ, ಕಿಟಕಿ ಬಿಟ್ಟು ಬಂದೆ."

ಮೆರ್ಲಿನ್ ರೊಟ್ಟಿಯ ತುಂಡನ್ನು ಮತ್ತೆ ಕೈಗೆತ್ತಿಕೊಂಡರು.

'ಹುಚ್ಚ... ಎಂಥ ಹುಚ್ಚ! ಒಂದು ಮಾತು ಹೇಳಬಾರದಿತ್ತಾ?'

ಆದರೆ ಹೇಳಬಾರದಿತ್ತು ಎಂದು ಅವಳಿಗೂ ಗೊತ್ತಿತ್ತು. ಹೇಳಿದ್ದರೆ ಆ ಪುಟದ ಪ್ರತಿ ಪದದ ಹಿಂದೆಯೂ ಅವನ ಮುಖವೇ ಕಾಣುತ್ತಿತ್ತು. ಅದಕ್ಕೇ ಅವಳಿಗೆ ಇನ್ನೂ ಸಿಟ್ಟು ಬಂತು.

*

ಭಾನುವಾರ. ಪ್ರಾರ್ಥನೆ ಮುಗಿದು ಪಾಸ್ಟರು ಪ್ರಸಂಗಕ್ಕೆ ಎದ್ದು ನಿಂತರು. ಬೆಂಚುಗಳಲ್ಲಿ ಪೆಪ್ಪರ್‌ಮಿಂಟ್ ಕಾಗದದ ಸರಸರ ಶುರುವಾಯಿತು.

ಮರೈಕೆ ತಾಯಿಯ ಮುಂದೆ ಕೈ ಚಾಚಿದಳು. "ಎರಡು ಕೊಡು."

ಆರ್ಡಿತ್ ಕೊಟ್ಟಳು. ಏನೂ ಕೇಳಲಿಲ್ಲ.

ಮರೈಕೆ ಎದ್ದಳು. ಇಡೀ ಸಭೆಯ ಮುಂದೆ ನಡುದಾರಿಯಲ್ಲಿ ನಡೆದು, ಬಾಲ್ಕನಿಯ ಮರದ ಮೆಟ್ಟಿಲು ಹತ್ತಿದಳು. ಹಳೇ ಮೆಟ್ಟಿಲು, ಒಂದೊಂದೂ ಕಿರುಗುಟ್ಟಿತು. ಪಾಸ್ಟರು ಎರಡು ಸಲ ಕೆಮ್ಮಿ ಸುಮ್ಮನೆ ಕಾದರು. ಹಾಡುವ ಗುಂಪಿನ ಹೆಂಗಸರಂತೂ ಕತ್ತು ಎತ್ತಿದವರು ಇಳಿಸಲೇ ಇಲ್ಲ.

ಮೇಲೆ ವೀಬೆ ಎಂದಿನಂತೆ ಒಬ್ಬನೇ ಕುಳಿತಿದ್ದ. ಅವಳನ್ನು ಕಂಡು ಏಳಲು ಹೋದ.

"ಕೂತ್ಕೊಳಿ," ಅಂದಳು ಪಿಸುಮಾತಲ್ಲಿ, ಪಕ್ಕದಲ್ಲೇ ಕೂತು. "ಇಷ್ಟು ಜನ ನೋಡ್ತಿರುವಾಗ ಇನ್ನೊಂದು ಸಲ ಎದ್ದುಹೋದ್ರೆ ನಿಮ್ಮ ಒಂದು ಹಲ್ಲೂ ಉಳಿಸಲ್ಲ ನಾನು."

ಅವನು ಕೂತ.

"ಆ ಪುಟ ಓದಿ ಮುಗಿಸಿದೆ," ಅಂದಳು.

ವೀಬೆಯ ಕೈ ಮುಂದಿನ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿಯಿತು. "ಏನಿತ್ತು?"

"ಇಂಗ್ಲಿಷಲ್ಲಿ ಇದ್ದದ್ದೇ ಇತ್ತು. ಮೈಯೆಲ್ಲ ಉರಿದುಹೋಯ್ತು!"

"ಮೊದಲ ದಿನಾನೇ ಹೇಳಿದ್ನಲ್ಲ..."

"ನೀವು ಮಾತಾಡಬೇಡಿ. ನಿಧಾನಕ್ಕೆ ಓದಿದೆ. ಅದು ನನ್ನನ್ನ ಕಟ್ಟಿಹಾಕಿಲ್ಲ ಅಂತ ನನ್ನ ಕಣ್ಣಲ್ಲೇ ನೋಡಿದೆ. ನಿಮ್ಮ ಮುಖ ನೋಡದೇನೇ." ಅವಳು ಅಂಗೈಯಲ್ಲಿನ ಪೆಪ್ಪರ್‌ಮಿಂಟನ್ನು ಬಿಗಿಹಿಡಿದಳು. "ಈಗ ಹೇಳಿ. ಲೈಬ್ರರಿಯಲ್ಲಿ ಹೇಳದೇ ಬಿಟ್ಟಿದ್ದನ್ನ."

ವೀಬೆ ಅವಳ ಕಡೆ ತಿರುಗಿದ. ಕಣ್ಣು ತುಂಬಿತ್ತು.

"ನನಗೆ ಆ ಪುಟದಿಂದ ಒಂದೇ ಉತ್ತರ ಬೇಕಾಗಿತ್ತು ಮರೈಕೆ. ಇಪ್ಪತ್ತು ವರ್ಷದಿಂದ ಓದ್ತಿದೀನಿ, ಯಾವ ಪುಟದಿಂದಲೂ ಏನನ್ನೂ ಅಷ್ಟು ಬೇಡಿರಲಿಲ್ಲ. ಅಷ್ಟು ಆಸೆ ಇಟ್ಕೊಂಡೋನು ಪಾಠ ಹೇಳಬಾರದು. ನಿನ್ನನ್ನ ಪ್ರೀತಿಸ್ತೀನಿ. ಫೆಬ್ರವರಿಯಿಂದ. ನೀನು ಪುಸ್ತಕ ತಳ್ಳಿದ ದಿನದಿಂದ."

ಮರೈಕೆ ಒಂದು ಪೆಪ್ಪರ್‌ಮಿಂಟಿನ ಕಾಗದ ಬಿಚ್ಚಿ ಅವನ ಅಂಗೈಯಲ್ಲಿಟ್ಟಳು.

"ಬರೀ ಸಕ್ಕರೆ ಇದು," ಅಂದ ಅವನು ನಂಬಲಾರದೆ. "ನೀನು ಕೊಡ್ತಿದೀಯಾ?"

"ರಾತ್ರಿ ದಾರ ಹಾಕು."

"ದಿನಾ ಹಾಕ್ತಿದೀನಿ. ಏಪ್ರಿಲ್‌ನಿಂದ ಒಂದು ದಿನಾನೂ ಬಿಟ್ಟಿಲ್ಲ."

"ಯಾಕೆ? ಪಾಠ ನಿಂತುಹೋಗಿತ್ತಲ್ಲ!"

"ನೀನು ಬಿಟ್ರೆ ನಾನೂ ಬಿಡಬಹುದು ಅಂತ ಒಪ್ಪಂದ. ನೀನು ಬಿಡಲ್ಲ ಅಂತ ಗೊತ್ತಿತ್ತು."

ಅವಳು ಉಳಿದ ಪೆಪ್ಪರ್‌ಮಿಂಟನ್ನು ತಾನೇ ಬಾಯಿಗೆ ಹಾಕಿಕೊಂಡಳು. ಕೆಳಗೆ ಪಾಸ್ಟರು ಕೊನೆಗೂ ಪ್ರಸಂಗ ಶುರುಮಾಡಿದರು. ಆರ್ಡಿತ್ ಒಮ್ಮೆ ಹಿಂತಿರುಗಿ ಬಾಲ್ಕನಿಯ ಕಡೆ ನೋಡಿ, ಪಕ್ಕದ ಖಾಲಿ ಜಾಗದಲ್ಲಿ ತನ್ನ ಕೈಚೀಲವನ್ನು ಆರಾಮವಾಗಿ ಇಟ್ಟುಕೊಂಡಳು.

"ವೀಬೆ... ಹೀಬ್ರೂ ಯಾವಾಗ ಶುರು?"

"ಅಯ್ಯೋ! ಅದಕ್ಕೆ ಜೀವಮಾನ ಬೇಕು ಕಣೇ."

"ನನ್ನ ಹತ್ತಿರ ಇದೆ. ನಿನ್ನ ಹತ್ತಿರ?"

ಅವನು ಬೆಂಚಿನ ಮೇಲಿದ್ದ ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದು ಹಿಡಿದುಕೊಂಡ, ಪ್ರಸಂಗ ಮುಗಿಯುವವರೆಗೂ ಬಿಡಲಿಲ್ಲ.